ಮುಗಿಯದ ಆರತಿ ಹಾಡು

ಗೆಳೆಯರೇ, ರಾಜ್ಯದ ಹೆಸರು ಬದಲಾಗಿ ಕರ್ನಾಟಕವಾದರೂ ಕುಂದಗೋಳದ ಬಸ್ಸು ನಮ್ಮೂರಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಹೆಣ್ಣುಮಕ್ಕಳು ಅಲ್ಲಿನ ಹೈಸ್ಕೂಲು ಬಿಟ್ಟು ಮನೆಯಲ್ಲಿ ಕುಳಿತಿದ್ದರು. ನಾವು ಗಂಡಸರು ಕೊಟ್ಟ ಮನವಿಗಳೆಲ್ಲ ಶಾಸಕರ ಕಿಸೆಯಲ್ಲೇ ಮಾಯವಾಗಿದ್ದವು.

ಇವತ್ತು ಭಾಷಣಕ್ಕೆ ಬಂದ ಅವರನ್ನು ನನ್ನ ಹೆಂಡತಿ ಗಂಗವ್ವ, ಓಣಿಯ ಹೆಂಗಸರನ್ನು ಕಟ್ಟಿಕೊಂಡು, ಆರತಿ ಹಿಡಿದು ಊರಬಾಗಿಲಲ್ಲೇ ನಿಲ್ಲಿಸಿದಳು. ಹಾಡು ಮುಗಿಯುವ ತನಕ ಅತಿಥಿ ಕದಲುವಂತಿಲ್ಲ. ಹಾಡು ಮುಗಿಯಲೇ ಇಲ್ಲ.

ಶಾಸಕರು ಬೆವರು ಒರೆಸಿಕೊಂಡು ಕೇಳಿದರು: "ಇನ್ನೆಷ್ಟ ನುಡಿ ಅದಾವಬೇ ಯವ್ವಾ?"

"ಬಸ್ ನಿಲ್ಲೂತನಕ ಅದಾವ್ರಿ," ಅಂದಳು ಗಂಗವ್ವ.

ನಿಂತಲ್ಲಿಂದಲೇ ಅವರು, ಬಸ್ ನಿಲ್ಲಿಸಲು ಹೇಳಿ ಬಾ ಎಂದು ಡ್ರೈವರನನ್ನು ಜೀಪಿನಲ್ಲಿ ಬಸ್ ಡಿಪೋಗೆ ಓಡಿಸಿದರು. ಆಮೇಲೆಯೇ ಹೆಂಗಸರು ಹಾಡು ನಿಲ್ಲಿಸಿದ್ದು.

ಸಂಜೆ ಭಾಷಣ ಇನ್ನೂ ನಡೆದಿತ್ತು, ಬಸ್ಸು ಬಂದು ನಿಂತಿತು. ಸಭೆಗೆ ಸಭೆಯೇ ಎದ್ದು ಅದನ್ನು ನೋಡಲು ಓಡಿತು. ಭಾಷಣಕ್ಕೆ ಉಳಿದವನು ನಾನೊಬ್ಬನೇ, ಕೈಯಲ್ಲಿ ಬಸ್ಸಿನ ಹೊಸ ಮನವಿ ಹಿಡಿದುಕೊಂಡು.