ಅತ್ತೆ ಇಡಬೇಕಾಗಿದ್ದ ಹೆಸರು

ನೀವು ಇದನ್ನ ನಂಬೋದಿಲ್ಲ, ಬೇಕಾದ್ರೆ ಬರ್ಕೊಡ್ತೀನಿ. ಹೋದ ವಾರ ಕೆಳಗಿನ ಮನೇಲಿ ಬಾಳಂತಿಗೆ ಓಮದ ಹೊಗೆ ಹಾಕಿದ್ರು, ನಮ್ಮ ಇಡೀ ಫತೇಗಂಜ್ ಬಡಾವಣೆ ಕೆಮ್ಮಿತು. ಎರಡು ಮಹಡಿ ಹತ್ತಿ ಆ ಹೊಗೆ ನಮ್ಮ ಬಾಗಿಲಿಗೆ ಬಂದಾಗ ಎಲ್ರೂ ಮೂಗು ಮುಚ್ಕೊಂಡ್ರು. ನಾನು ಮಾತ್ರ ಹೊಸ್ತಿಲಲ್ಲೇ ನಿಂತುಬಿಟ್ಟೆ. ಐದು ವರ್ಷದ ಹಿಂದೆ ನಮ್ಮನೇಲೂ ಇದೇ ಹೊಗೆ ಇತ್ತು. ಹಾಕ್ತಿದ್ದವ್ರು ನಮ್ಮತ್ತೆ...

ಅತ್ತೆ ಅಂದ್ರೆ ಅಪ್ಪನ ಅಕ್ಕ. ಮಾವ ತೀರಿಹೋದ ಮೇಲೆ ಕುಂದಾಪುರದಿಂದ ವಡೋದರಾಕ್ಕೆ ಬಂದು, ಅಪ್ಪನ ಹೋಟೆಲಿನ ಅಡುಗೆಮನೆ ಸೇರಿದ್ರು. ಯೂನಿವರ್ಸಿಟಿ ಹುಡುಗರು ದೋಸೆ ತಿಂದು ಹೊಗಳ್ತಿದ್ದಿದ್ದು ಅಪ್ಪನ್ನ, ಹಿಟ್ಟಿನ ಹುಳಿ ನೋಡ್ತಿದ್ದಿದ್ದು ಅತ್ತೆ. ಬೆರಳು ಅದ್ದಿ ನಾಲಿಗೆಗೆ ಇಟ್ಕೊಂಡ್ರೆ ಸಾಕು, ಇನ್ನೆಷ್ಟು ಹೊತ್ತಿಗೆ ಉಬ್ಬುತ್ತೆ ಅಂತ ನಿಮಿಷ ಲೆಕ್ಕದಲ್ಲಿ ಹೇಳೋರು. ಹವಾಮಾನ ಇಲಾಖೆಯವ್ರು ಎತ್ಕೊಂಡು ಹೋಗದೇ ಇದ್ದಿದ್ದು ನಮ್ಮ ಪುಣ್ಯ.

ನಾನಾಗ ಏಳನೇ ಕ್ಲಾಸು, ಹೆಸರುಗಳ ವಿಷಯದಲ್ಲಿ ದೊಡ್ಡ ಪಂಡಿತೆ. ಭಾನುವಾರ ಗಲ್ಲಾ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತ್ರೆ ಒಂದೊಂದು ಟೇಬಲಲ್ಲೂ ಮೂರು ತಲೆಮಾರು ಸಿಗ್ತಿತ್ತು. ಅಜ್ಜ ಕಾಂತಿಲಾಲ್, ಮಗ ಭರತ್, ಮೊಮ್ಮಗ ಧ್ರುವ್. ಹೆಸರು ಒಗೆದ ಬನೀನಿನ ಹಾಗೆ ಸಣ್ಣ ಆಗ್ತಾ ಬರ್ತಿತ್ತು. ಹೀಗೇ ಹೋದ್ರೆ ಧ್ರುವ್ ಮಗನ್ನ ಕರೆಯೋಕೆ ಒಂದು ಸೀನು ಸಾಕು ಅಂದೆ. ಸಪ್ಲೈಯರ್‌ಗಳು ಬಿದ್ದು ಬಿದ್ದು ನಕ್ರು. ಅವತ್ತೇ ನಂಗೆ ಆ ನಗುವಿನ ರುಚಿ ಹತ್ತಿದ್ದು.

ಅಷ್ಟರಲ್ಲಿ ನಂಗೆ ತಂಗಿ ಹುಟ್ಟಿದ್ಲು. ನಾನು ಸೈಬರ್ ಕೆಫೆಗೆ ಹೋಗಿ ಹೊಸ ಹೆಸರುಗಳ ಪಟ್ಟಿ ಪ್ರಿಂಟ್ ತೆಗೆಸ್ಕೊಂಡು ಬಂದೆ, ನನ್ನಷ್ಟೇ ಉದ್ದ ಇತ್ತು. ಅತ್ತೆ ಕಾಯಿ ತುರೀತಾ ಕೂತಿದ್ರು. ರಿಯಾ, ದಿಯಾ, ಜಿಯಾ, ಖುಷಿ ಅಂತ ಓದಿ ಹೇಳಿದೆ. ಎಲ್ಲಾ ಒಂದೇ ಥರ ಕೇಳುತ್ತಲ್ಲ ಮಾರಾಯ್ತಿ, ಯಾರನ್ನ ಕರೆದ್ರೂ ಎಲ್ಲಾ ಮಕ್ಕಳೂ ಓಡಿ ಬರ್ತಾವೆ ಅಂದ್ರು.

ಕೆಳಗಿನ ಮನೆ ಗುಜರಾತಿ ಹೆಂಗಸು, ನಾವು ಮಾಸಿ ಅನ್ನೋರು, ಆಗ್ಲೇ ನಮಗೊಂದು ವಿಷಯ ತಿಳಿಸಿದ್ದು. ನಮ್ಮೂರಲ್ಲಿ ಅಪ್ಪ ಅಕ್ಕಿ ಮೇಲೆ ಉಂಗುರದಲ್ಲಿ ಹೆಸರು ಬರೆದು ಮಗುವಿನ ಕಿವೀಲಿ ಹೇಳ್ತಾನೆ, ಅತ್ತೆಯಾದವಳು ಒಳಗೆ ಪಾಯಸ ಕಲಕ್ತಾ ಇರ್ತಾಳೆ. ಗುಜರಾತಲ್ಲಿ ಹಾಗಲ್ಲ. ಇಲ್ಲಿ ಹೆಸರಿಡೋದೇ ಫೋಯಿ, ಅಂದ್ರೆ ಸೋದರತ್ತೆ. ಅವಳ ಬಾಯಿಂದ ಬಂದಿದ್ದೇ ಹೆಸರು. ಇದೇ ಮಣ್ಣಲ್ಲಿ ಹುಟ್ಟಿದ ಮಗು, ಇಲ್ಲಿನ ಹಾಗೇ ಮಾಡೋಣ ಅಂತ ಅಮ್ಮ ಒಪ್ಪಿದ್ಲು.

ಅತ್ತೆ ಎರಡು ದಿನ ಹಿಟ್ಟಿಗೆ ಉಪ್ಪು ಹಾಕೋದು ಮರೆತ್ರು. ನಾನೇ ಇಡೋದಾ ಅಂತ ಅಪ್ಪನ್ನ ಒಂದ್ಸಲ, ಮಾಸಿನ ಒಂದ್ಸಲ ಕೇಳಿದ್ರು. ಮಂಗಳ ಬಜಾರಿಗೆ ಒಬ್ರೇ ಹೋಗಿ ಮಗುವಿಗೆ ಹಳದಿ ಫ್ರಾಕ್ ತಂದ್ರು. ಅವ್ರು ಒಬ್ರೇ ರಸ್ತೆ ದಾಟಿದ್ದನ್ನ ನಾನು ನೋಡಿದ್ದು ಅದೇ ಮೊದಲು. ಹೆಸರಿಡುವಾಗ ಮಗುವನ್ನ ತೂಗೋಕೆ ಬಟ್ಟೆ ಹಿಡಿಯೋ ನಾಲ್ಕು ಮಕ್ಕಳಲ್ಲಿ ನಾನೂ ಒಬ್ಳು ಅಂತ ಗೊತ್ತಾದ ಮೇಲೆ ನನ್ನನ್ನ ಹತ್ರ ಕರೆದು ಗುಟ್ಟು ಹೇಳಿದ್ರು.

"ನಮ್ಮಮ್ಮನ ಹೆಸರು ಇಡ್ತೇನೆ, ವಾರಿಜಾ. ದಿನಕ್ಕೆ ನಾಲ್ಕು ಸಲ ಕರೀಬಹುದಲ್ಲ. ನೀನು ಯಾರಿಗೂ ಹೇಳ್ಬೇಡ."

ಅಜ್ಜಿ ಹಿಂದಿನ ವರ್ಷ ತೀರಿಹೋಗಿದ್ರು. ರೈಲು ಇಳಿದು ಅತ್ತೆ ಊರಿನ ಮನೆ ಮುಟ್ಟೋ ಹೊತ್ತಿಗೆ ಎಲ್ಲಾ ಮುಗಿದಿತ್ತು, ಮುಖ ನೋಡೋಕೂ ಸಿಕ್ಕಿರ್ಲಿಲ್ಲ...

ನಾನು ಆ ಗುಟ್ಟನ್ನ ಮಧ್ಯಾಹ್ನದ ತನಕ ಇಟ್ಕೊಂಡಿದ್ದೆ, ಅದೇ ನನ್ನ ದಾಖಲೆ. ಆಮೇಲೆ ಮೆಟ್ಟಿಲ ಮೇಲೆ ಗೆಳತಿಯರನ್ನ ಕೂರಿಸ್ಕೊಂಡು ಕ್ಲಾಸಿನ ಹಾಜರಿ ಕರೆದೆ. ರಿಯಾ ಅಂದ್ರೆ ಒಬ್ಳು ಜಿಗಿದು ಬರ್ತಾಳೆ, ಖುಷಿ ಅಂದ್ರೆ ಇನ್ನೊಬ್ಳು. ವಾರಿಜಾ ಅಂದ್ರೆ ಸೊಂಟ ಹಿಡ್ಕೊಂಡು, ಬೊಚ್ಚು ಬಾಯಿ ಮಾಡ್ಕೊಂಡು, ಕೆಮ್ಮಿ ಕೆಮ್ಮಿ, ಪ್ರೆಸೆಂಟ್ ಮೇಡಂ. ಅದೇ ಆಟ ಹೋಟೆಲಲ್ಲೂ ಆಡಿದೆ. ಎರಡನೇ ಸಲ ಆಡುವಾಗ ಅತ್ತೆ ಒಳಗಿಂದ ಚಟ್ನಿ ಪಾತ್ರೆ ಹಿಡ್ಕೊಂಡು ಬಂದು ನಿಂತಿದ್ರು. ಎಲ್ರೂ ನಕ್ಕು ಮುಗಿಸಿದ ಮೇಲೆ ಅವ್ರೂ ನಕ್ರು. ಒಳ್ಳೇ ಆಟ ಅಂತ್ಲೇ ನಾನು ತಿಳ್ಕೊಂಡೆ.

ಹೆಸರಿಡೋ ದಿನ ಹಾಲ್ ತುಂಬಾ ಜನ. ಗಾಳಿಗೂ ಜಾಗ ಇರ್ಲಿಲ್ಲ, ಅದು ಬಾಲ್ಕನೀಲಿ ಕಾಯ್ತಿತ್ತು. ರೇಷ್ಮೆ ಬಟ್ಟೆ ಒಳಗೆ ಅರಳಿ ಎಲೆ, ಅದರ ಮೇಲೆ ತಂಗಿ. ನಾವು ನಾಲ್ಕು ಮಕ್ಕಳು ಮೂಲೆ ಹಿಡ್ಕೊಂಡು ತೂಗಿದ್ವಿ. ಅತ್ತೆ ಗಂಜಿ ಹಾಕಿದ ಸೀರೆ ಉಟ್ಟು, ಬಗ್ಗಿ, ಬಾಯಿ ತೆರೆದ್ರು. ತೆರೆದವ್ರು ಒಂದ್ಸಲ ನನ್ನ ಕಡೆ ನೋಡಿದ್ರು.

ನನ್ನ ಗೆಳತಿಯರೂ ನನ್ನನ್ನೇ ನೋಡ್ತಿದ್ರಲ್ಲ... ನಾನು ಬೊಚ್ಚು ಬಾಯಿ ಮಾಡಿದೆ.

ಎದುರು ಮೂಲೆ ಹಿಡಿದವಳು ಕಿಸಕ್ಕಂತ ನಕ್ಳು. ಬಟ್ಟೆ ಅಲ್ಲಾಡಿತು. ಯಾಕೆ ಅಂತ ಗೊತ್ತಿಲ್ಲದೇ ಹಾಲಿನವ್ರೆಲ್ಲ ನಕ್ರು. ಅತ್ತೆ ಬಾಯಿ ಮುಚ್ಚಿ, ಇನ್ನೊಂದ್ಸಲ ತೆರೆದು, ರಿಯಾ ಅಂದ್ರು. ನನ್ನ ಪಟ್ಟೀಲಿದ್ದ ಮೊದಲನೇ ಹೆಸರು.

ಎಲ್ರೂ ಚಪ್ಪಾಳೆ ತಟ್ಟಿ ಪೇಡಾ ತಿಂದ್ರು. ನಾನು ನಾಲ್ಕು ತಿಂದೆ. ಅತ್ತೆ ಆಮೇಲೆ ಒಂದೇ ಒಂದ್ಸಲಾನೂ ಅವಳನ್ನ ರಿಯಾ ಅಂತ ಕರೀಲಿಲ್ಲ, ಪಾಪು ಅಂತಿದ್ರು, ಅಷ್ಟೇ. ಮಾರನೇ ವರ್ಷ ಮೊಣಕಾಲು ನೋವು ಅಂತ ಊರಿಗೆ ಹೋದವ್ರು ವಾಪಸ್ ಬರ್ಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಫೋನ್ ಬಂತು. ಅಪ್ಪ ಒಬ್ರೇ ಹೋಗಿ ಬಂದ್ರು. ನಂಗೆ ಪರೀಕ್ಷೆ ಇತ್ತು.

ಈಗ ತಂಗಿ ಕ್ಲಾಸಲ್ಲಿ ಮೂರು ಜನ ರಿಯಾ. ಇವಳು ಎರಡನೇ ನಂಬರ್. ಆ ಹೊಗೆ ಬಂದ ದಿನ ಅವಳು ನಂಗೆ ಈ ಹೆಸರು ಇಟ್ಟಿದ್ಯಾರು ಅಂತ ಕೇಳಿದ್ಲು. ಕೇಳೋರು ಸಿಕ್ರೆ ನಾನು ಬಿಡ್ತೀನಾ, ಹೊಸ್ತಿಲಲ್ಲೇ ಕೂರಿಸ್ಕೊಂಡು ಮಸಾಲೆ ಹಾಕಿ ಹೇಳಿದೆ. ಅಮ್ಮನಿಗೆ ಹಳೇ ಹೆಸರು ಹಿಡಿಸ್ಲಿಲ್ಲ, ಅವಳೇ ಕಣ್ಣು ಬಿಟ್ಟು ಹೆದರಿಸಿ ಅತ್ತೆ ಬಾಯಿಂದ ರಿಯಾ ಅನ್ನಿಸಿದ್ಲು ಅಂತ. ಐದು ವರ್ಷದಿಂದ ಎಲ್ರಿಗೂ ಹೀಗೇ ಹೇಳ್ಕೊಂಡು ಬಂದಿದ್ದೀನಿ. ನಂಗೂ.

ಒಗೆದ ಬಟ್ಟೆ ಬಕೆಟ್ ಹಿಡ್ಕೊಂಡು ಅಮ್ಮ ಒಳಗಿಂದ ಬಂದ್ಲು. ಯಾವಾಗಿಂದ ಕೇಳಿಸ್ಕೊಳ್ತಿದ್ಲೋ ಗೊತ್ತಿಲ್ಲ. ಬಕೆಟ್ ಕೆಳಗಿಟ್ಲು.

"ವಾರಿಜಾ ಅಂತ ಇಡ್ಲಾ ಅಂತ ಅತ್ತಿಗೆ ನನ್ನನ್ನ ಮೊದಲೇ ಕೇಳಿದ್ರು, ನಾನು ಹೂಂ ಅಂದಿದ್ದೆ. ಆಸ್ಪತ್ರೆ ಫಾರಂನಲ್ಲಿ ಹೆಸರಿನ ಜಾಗ ಖಾಲಿ ಬಿಡ್ಸಿದ್ದೆ. ಹೆಸರಿಟ್ಟ ದಿನ ಸಾಯಂಕಾಲ, ಯಾಕೆ ಹಾಗೆ ಮಾಡಿದ್ರಿ ಅಂತ ಕೇಳಿದ್ರೆ, ಬೇಡ, ಮಕ್ಕಳು ನಗ್ತಾರೆ ಅಂದ್ರು."

ಯಾವ ಮಕ್ಕಳು ಅಂತ ತಂಗಿ ಕೇಳಿದ್ಲು.

ಅಮ್ಮ ಅವಳ ಕೈ ಹಿಡ್ಕೊಂಡು, ಬಕೆಟ್ ಎತ್ಕೊಂಡು, ನನ್ನನ್ನ ದಾಟಿ ಟೆರೇಸಿಗೆ ಹೋದ್ಲು.