ಚಲುವಯ್ಯನವರ ಅಂಗೈ
ಹುಣಸೂರಿನಿಂದ ಹೆಗ್ಗಡದೇವನಕೋಟೆಗೆ ಮೋಟಾರು ಬಸ್ಸು ಓಡಿಸುವ ಚಲುವಯ್ಯನವರು ವೈದ್ಯರು ನಾಡಿ ನೋಡುವಂತೆ ಗೇರಿನ ಕೋಲಿನ ಮೇಲೆ ಅಂಗೈ ಇಟ್ಟಿರುತ್ತಾರೆ. ಅದು ಸಣ್ಣಗೆ ನಡುಗಿದರೆ ಸಾಕು, "ಎಣ್ಣೆ ಸಾಲ್ದು ಕಣ್ರವ್ವಾ, ಗಂಟ್ಲು ಒಣಗೋಗೈತೆ" ಎಂದು ಬಸ್ಸಿಗೆಲ್ಲ ಸಾರುತ್ತಾರೆ. ಏರಿನಲ್ಲಿ ಕೋಲು ತಾನಾಗಿ ಹಿಂದಕ್ಕೆ ಜಾರಿದರೆ, "ಹಲ್ಲು ಸವ್ದೈತೆ, ಮುದ್ಕಿ ಕಡ್ಲೆ ಅಗಿಯಾಕಿಲ್ಲ ಅಂತಾವ್ಳೆ" ಎನ್ನುತ್ತ ಅದನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಏರು ದಾಟಿಸುತ್ತಾರೆ. ಅಮಲ್ದಾರರ ಕಾರು ಗೊರಗೊರ ಎಂದಾಗಲೂ ಇವರನ್ನೇ ಕರೆಸಿ ಕೈ ಇಡಿಸುತ್ತಾರೆ. ಗೇರು ಕರಕರ ಎಂದರೆ ನಾವೆಲ್ಲ ಹಲ್ಲು ಕಚ್ಚುತ್ತೇವೆ. ಅವರು ಮಾತ್ರ ಅದು ಅಂಗೈಗೆ ತಲುಪಿದ ಮೇಲೆಯೇ "ಅಯ್ಯೋ ನನ್ನವ್ವ" ಎನ್ನುವುದು. ಎಂಜಿನ್ನಿನ ಪಕ್ಕದಲ್ಲೇ ಕೂತು ಕೂತು ಅವರ ಎರಡು ಕಿವಿಯೂ ಹೋಗಿವೆ. ದಿನವೂ ಓಡಾಡುವ ನಮಗೆಲ್ಲ ಅದು ಗೊತ್ತು. ಬಸ್ಸಿನ ಯಜಮಾನರಿಗೆ ಗೊತ್ತಾದರೆ ಮಾತ್ರ ಅಂದೇ ಕೆಲಸ ಹೋಗುತ್ತದೆ. ಅದಕ್ಕೇ ಇಳಿಯುವವರು ಯಾರೂ ಕೂಗುವುದಿಲ್ಲ, ಮೆಲ್ಲನೆ ಅವರ ಹೆಗಲು ತಟ್ಟುತ್ತಾರೆ. ಮೊನ್ನೆ ಯಜಮಾನರೇ ಬಸ್ಸು ಹತ್ತಿ, ಹಿಂದಿನ ಸೀಟಿನಿಂದ "ಏನಯ್ಯಾ ಚಲುವಯ್ಯ, ಗಾಡಿ ಹೇಗಿದೆ?" ಎಂದರು. ಚಲುವಯ್ಯನವರು ರಸ್ತೆ ನೋಡುತ್ತ ಬಸ್ಸು ಓಡಿಸುತ್ತಲೇ ಇದ್ದರು. ಮತ್ತೊಮ್ಮೆ ಜೋರಾಗಿ ಕೇಳಿದರು. ಮೊಸರಿನ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡಿದ್ದ ಸಣ್ಣತಾಯಮ್ಮ ತಿರುಗಿ, "ವಸಿ ಸುಮ್ಕಿರಿ ಬುದ್ದೀ, ಅವ್ರು ಗೇರಿನ ಸದ್ದು ಕೇಳ್ತಾವ್ರೆ" ಎಂದು ಗದರಿದರು. ಯಜಮಾನರು ತಟ್ಟನೆ ಬಾಯಿ ಮುಚ್ಚಿ, ಕತ್ತು ಮುಂದೆ ಚಾಚಿ, ಕೋಟೆ ಬರುವತನಕ ತಾವೂ ಕಿವಿಗೊಟ್ಟು ಕುಳಿತರು.