ಭಾಷಣದ ಬೆನ್ನಿಗೆ ಅಂಟಿಸಿದ್ದು

ನಮ್ಮ ಅತ್ತೆಗೆ ಮೂಗಿನ ತುದಿಯಲ್ಲೇ ಕೋಪ. ಮದುವೆಯಾದ ಹೊಸದರಲ್ಲಿ ನಾನು ಹೆದರಿ ಸಾಯುತ್ತಿದ್ದೆ. ಆಮೇಲೆ ಅವರೇ ನನ್ನನ್ನು ತಮ್ಮ ಕಚೇರಿಗೆ ಸೇರಿಸಿದರು. ಈಗ ನನಗೂ ಅದೇ ರೋಗ.

ಕಚೇರಿ ಅಂದರೆ ದಾಖಲೆ ಭಂಡಾರದ ರಿಪೇರಿ ಕೋಣೆ. ಹರಿದ ಹಳೆಯ ಹಾಳೆಗಳ ಬೆನ್ನಿಗೆ ತೆಳು ಕಾಗದ ಅಂಟಿಸಿ ಬದುಕಿಸುವುದು ನಮ್ಮ ಕೆಲಸ. ಉದ್ದನೆಯ ಮೇಜು, ಅಂಟಿನ ಬಟ್ಟಲು, ಬ್ರಷ್ಷು. ಹಾಳೆಗಳು ಹಾರುತ್ತವೆಂದು ಫ್ಯಾನು ಹಾಕುವಂತಿಲ್ಲ. ನನ್ನ ಬೆವರು ಕಾಗದದ ಮೇಲೆ ಬಿದ್ದರೆ ಅತ್ತೆ ಎದ್ದು ನಿಂತು ಜಾಡಿಸುತ್ತಿದ್ದರು. “ಸತ್ತವರ ಕಾಗದದ ಮೇಲಿರೋ ಪ್ರೀತಿ ಬದುಕಿರೋ ಗಂಡನ ಮೇಲಿಲ್ಲ ನಿಮ್ಮತ್ತೆಗೆ” ಎಂದು ಮಾವ ಛೇಡಿಸುತ್ತಿದ್ದರು.

ನಮ್ಮ ಭಂಡಾರದ ಹೆಮ್ಮೆ ನೂರು ವರ್ಷದ ಹಿಂದಿನ ಒಬ್ಬ ಮುಖಂಡ. ಅವನ ಭಾಷಣ, ಪತ್ರ ಎಲ್ಲ ನಮ್ಮಲ್ಲೇ ಇವೆ. ನೂಲಿನ ಗಿರಣಿಯ ಚಾವಣಿ ಕುಸಿದು ಹೆಂಗಸರು ಸತ್ತಾಗ ಅವನು ಮಾಡಿದ ಭಾಷಣ ಶಾಲೆಯಲ್ಲಿ ಪಾಠ: ‘ತಾಯಂದಿರೇ, ನಿಮ್ಮಲ್ಲಿ ಒಬ್ಬರಾದರೂ ಮೊದಲೇ ನನಗೆ ಹೇಳಿದ್ದರೆ, ಆ ಚಾವಣಿಗೆ ನನ್ನ ಹೆಗಲು ಕೊಡುತ್ತಿದ್ದೆ!’ ಅದನ್ನು ಬಾಯಿಪಾಠ ಹೇಳಿ ಬಹುಮಾನ ಗೆದ್ದವಳು ನಾನು. ಕಣ್ಣೀರನ್ನೂ ಹಾಕಿದ್ದೆ, ದಡ್ಡಿ.

ಅವನ ಪ್ರದರ್ಶನಕ್ಕೆ ಜಾಗ ಮಾಡಲು, ‘ಸಾರ್ವಜನಿಕರ ಇತರೆ ಪತ್ರಗಳು’ ಎಂಬ ಕಟ್ಟುಗಳನ್ನು ರದ್ದಿಗೆ ಹಾಕಿ ಎಂದು ನಿರ್ದೇಶಕರು ಆಜ್ಞೆ ಮಾಡಿದರು. ಅತ್ತೆ ಒಂದು ಕಟ್ಟು ಬಿಚ್ಚಿ ನೋಡಿದರೆ, ಗಿರಣಿಯ ಹೆಂಗಸರು ಅವನಿಗೇ ಬರೆದ ಅರ್ಜಿಗಳು! ಚಾವಣಿ ಬಿರುಕು ಬಿಟ್ಟಿದೆ, ಮಣ್ಣು ತಲೆ ಮೇಲೆ ಉದುರುತ್ತಿದೆ, ಬಂದು ನೋಡಿ ಸ್ವಾಮಿ. ಎಲ್ಲವೂ ಚಾವಣಿ ಕುಸಿಯುವುದಕ್ಕೆ ಮೊದಲಿನವು. ಒಂದೊಂದರ ಮೂಲೆಯಲ್ಲೂ ಕೆಂಪು ಪೆನ್ಸಿಲಿನಲ್ಲಿ ‘ನೋಡಿದೆ’ ಎಂದು ಅವನದೇ ಕೈಬರಹ.

ಅತ್ತೆ ಅವನ್ನು ನಿರ್ದೇಶಕರ ಮೇಜಿನ ಮೇಲೆ ಕುಕ್ಕಿದರು.

“ಓದಿ ಸಾರ್. ಸುಳ್ಳು ಹೇಳಿದ್ದಾನೆ ನಿಮ್ಮ ಮಹಾನುಭಾವ.”

“ನೋಡಮ್ಮ, ಭಾಷಣದಲ್ಲಿ ಭಾವ ಮುಖ್ಯ. ಇಂಥ ಅರ್ಜಿ ರಾಶಿ ಬರ್ತಿತ್ತು ಅವರಿಗೆ. ನಾಳೆ ಲಾರಿ ಬರುತ್ತೆ, ಕಟ್ಟಿಡಿ.”

ಭಾವವಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆ ಮಾತ್ರ ಅರ್ಜಿಗಳನ್ನು ಎತ್ತಿಕೊಂಡು ಹೊರಬಂದರು. ಅವರು ಬೈಯದೆ ಬಂದದ್ದು ನೋಡಿಯೇ ನನಗೆ ಗಾಬರಿಯಾದದ್ದು.

ಆ ಭಾಷಣದ ಹಸ್ತಪ್ರತಿ ರಿಪೇರಿಗೆಂದು ನಮ್ಮ ಮೇಜಿನ ಮೇಲೇ ಇತ್ತು. ಅತ್ತೆ ತೆಳು ಕಾಗದವನ್ನು ಪಕ್ಕಕ್ಕೆ ತಳ್ಳಿ, ಅದರ ಹಾಳೆಗಳ ಬೆನ್ನಿಗೆ ಹೆಂಗಸರ ಅರ್ಜಿಗಳನ್ನೇ ಅಂಟಿಸತೊಡಗಿದರು, ಬರಹ ಹೊರಗೆ ಕಾಣುವಂತೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ.

“ಅತ್ತೆ, ಕೆಲಸ ಹೋಗುತ್ತೆ!”

“ಹೋಗ್ಲಿ. ಇವರನ್ನ ರದ್ದಿಗೆ ಹಾಕೋದಾದ್ರೆ ಅವನನ್ನೂ ಸೇರಿಸಿ ಹಾಕ್ಲಿ. ಆ ದಪ್ಪ ಬ್ರಷ್ ಕೊಡು.”

ಕೊಟ್ಟೆ.

ಮರುದಿನ ನಿರ್ದೇಶಕರು ಹಾಳೆ ತಿರುಗಿಸಿ ನೋಡಿ ಹೌಹಾರಿದರು. ನಿವೃತ್ತಿಗೆ ಹತ್ತಿರವಾಗಿದ್ದ ಅತ್ತೆಯನ್ನು ನಿಂತ ಕಾಲಲ್ಲೇ ಮನೆಗೆ ಕಳಿಸಿದರು. ನೀರಿನ ಟ್ರೇ ತರಿಸಿ ನನ್ನ ಮುಂದಿಟ್ಟು, “ನೆನೆಸಿ ಬಿಡಿಸು” ಎಂದರು.

“ಬಿಡಿಸ್ತೀನಿ ಸಾರ್. ಆದ್ರೆ ನೀರಿಗೆ ಬಿದ್ರೆ ದೊಡ್ಡೋರ ಶಾಯಿ ಹರಿದುಹೋಗುತ್ತೆ. ಹೆಂಗಸ್ರು ಬರೆದಿರೋದು ಪೆನ್ಸಿಲ್‌ನಲ್ಲಿ, ಅದು ಹೋಗಲ್ಲ. ದೊಡ್ಡೋರು ಕೆಂಪು ಪೆನ್ಸಿಲ್‌ನಲ್ಲಿ ಬರೆದಿರೋ ‘ನೋಡಿದೆ’ನೂ ಹೋಗಲ್ಲ. ಹಾಕ್ಲಾ?”

ಅವರ ಮುಖ ಇಂಗು ತಿಂದ ಮಂಗನಂತಾಯಿತು. ಟ್ರೇ ವಾಪಸ್ ಹೋಯಿತು.

ಈಗ ಭಾಷಣ ಗಾಜಿನ ಪೆಟ್ಟಿಗೆಯಲ್ಲಿದೆ, ಅರ್ಜಿಗಳ ಮುಖ ಕೆಳಗೆ ಮಾಡಿ. ಅತ್ತೆಯನ್ನು ಕೆಲಸದಿಂದ ತೆಗೆಯಬಹುದು, ಪ್ರದರ್ಶನಕ್ಕೆ ಬರಬೇಡಿ ಎನ್ನಲಾಗುವುದಿಲ್ಲ. ದಿನಾ ಬಂದು ಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲುತ್ತಾರೆ. ನಿನ್ನೆ ಒಬ್ಬ ಮೇಷ್ಟ್ರು ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಭಾಷಣ ಹೇಳಿಸಿದರು. ‘ಒಬ್ಬರಾದರೂ ಮೊದಲೇ ನನಗೆ ಹೇಳಿದ್ದರೆ’ ಎಂದು ಮಕ್ಕಳು ರಾಗವಾಗಿ ಕೂಗಿದ್ದೇ ತಡ, ಅತ್ತೆಯ ದನಿ ರಿಪೇರಿ ಕೋಣೆಯಲ್ಲಿದ್ದ ನನಗೂ ಕೇಳಿಸಿತು:

“ಹೇಳಿದ್ವಿ ಕಣ್ರೋ! ಹೇಳಿದ್ವಿ!”